ಬಾಗಿಲಿನ ಹಳದಿ ಬಾವುಟ

ಚಿತ್ರದುರ್ಗದ ಕಡೆ ಸೆಪ್ಟೆಂಬರ್ ಬಂತೆಂದರೆ ಈರುಳ್ಳಿ. ಗಡ್ಡೆ ಕಿತ್ತು ಹೊಲದ ತುಂಬಾ ಹರಡಿರುತ್ತಾರೆ, ಸೊಪ್ಪು ಬೇರು ಕೊಯ್ದು ಚೀಲ ತುಂಬಲು ಎಷ್ಟು ಕೈ ಇದ್ದರೂ ಸಾಲದು. ಕೂಲಿ ಚೀಲದ ಲೆಕ್ಕ. ಹಾಗಾಗಿ ಪುಟ್ಟ ಕೈಗಳೂ ಹೋಗುತ್ತವೆ. ನಮ್ಮ ಹಾಜರಿ ಪುಸ್ತಕದಲ್ಲಿ ಆ ತಿಂಗಳು ಬರೀ ಗೈರು.

ನಾನು ನಾಲ್ಕನೇ ಕ್ಲಾಸಿನ ಟೀಚರ್. ಸರ್ಕಾರ ಏನೂ ಕೊಡುತ್ತಿಲ್ಲ ಅನ್ನೋ ಹಾಗಿಲ್ಲ. ನಮ್ಮ ಕಡೆ 2003ರಲ್ಲಿ ಬಿಸಿಯೂಟ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು, ಆಮೇಲೆ ಶೂ, ಈಗ ಮೊಟ್ಟೆ. ಮೊಟ್ಟೆ ದಿನ ಊಟದ ಸಾಲು ಉದ್ದ ಆಗೋದನ್ನು ನಾನೇ ನೋಡಿದ್ದೇನೆ. ಆದರೆ ಒಂದು ದಿನದ ಕೂಲಿ ಮುಂದೆ ಒಂದು ಮೊಟ್ಟೆ ಎಷ್ಟು ಹೊತ್ತು ನಿಲ್ಲುತ್ತೆ, ಅಲ್ವಾ?

ಅದಕ್ಕೇ ಹೋದ ವರ್ಷ ಒಂದು ಐಡಿಯಾ ಮಾಡಿದೆ. ವಾರದಲ್ಲಿ ಯಾವ ಕ್ಲಾಸಿನ ಹಾಜರಿ ಜಾಸ್ತಿಯೋ ಆ ಕ್ಲಾಸಿನ ಬಾಗಿಲಿಗೆ ಸೋಮವಾರ ಹಳದಿ ಬಾವುಟ, ಶನಿವಾರ ಕೊನೆಯ ಪಿರಿಯಡ್ ಖೋಖೋ. ಖರ್ಚು ಅಂದರೆ ನನ್ನ ಹಳೇ ಸೀರೆಯ ಒಂದು ತುಂಡು, ಅಷ್ಟೇ.

ಎರಡು ವಾರ ಹಬ್ಬ. ಒಂಬತ್ತು ಗಂಟೆಗೇ ಹುಡುಗರು ಗುಂಪು ಕಟ್ಟಿಕೊಂಡು ಬಾರದವರ ಮನೆಗೆ ನುಗ್ಗುತ್ತಿದ್ದರು. ಒಬ್ಬನನ್ನಂತೂ ಬಾಯಲ್ಲಿ ಹಲ್ಲುಪುಡಿ ಇರುವಾಗಲೇ ಎಳೆದು ತಂದರು. ನಾನು ಹತ್ತು ಸಲ ಮನೆಗೆ ಹೋದರೂ ಜಗ್ಗದ ಆಸಾಮಿ ಅವನು!

ಮೂರನೇ ವಾರ ಬಾವುಟ ಐದನೇ ಕ್ಲಾಸಿಗೆ ಹೋಯಿತು. ನಮ್ಮಲ್ಲಿ ನಾಲ್ಕು ದಿನ ಬಾರದವಳು ಒಬ್ಬಳೇ ಹುಡುಗಿ. ಮಂಗಳವಾರ ಬಂದಳು. ಊಟಕ್ಕೆ ಕೂತಾಗ ಅವಳ ಎರಡೂ ಪಕ್ಕ ಖಾಲಿ. ಯಾರೂ ಬೈಯಲಿಲ್ಲ, ಸುಮ್ನೆ ಸರಿದು ಕೂತಿದ್ದರು. ಬಲಗೈ ಹೆಬ್ಬೆರಳಿಗೆ ಕುಡುಗೋಲು ತಾಗಿ ಬಟ್ಟೆ ಸುತ್ತಿಕೊಂಡಿದ್ದಳು, ಅನ್ನ ಕಲಸಲು ಆಗದೆ ಎಡಗೈಯಲ್ಲಿ ಮೊಟ್ಟೆ ಹಿಡಿದು ತಟ್ಟೆ ನೋಡುತ್ತಿದ್ದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಈ ಸಲ ಈರುಳ್ಳಿಗೆ ಹೋಗಿರಲಿಲ್ಲ, ಮನೆಯಲ್ಲೇ ಇದ್ದಳು.

ತಪ್ಪು ನನ್ನದೇ. ಯಾರು ಹೊಲಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡೋದು ಒಂಬತ್ತು ವರ್ಷದ ಮಗುವಾ? ಆಮೇಲೆ ಓದಿದ್ದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 15 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರಂತೆ. ಹಿಂದೆ ತಪ್ಪದೆ ಬಂದಿದ್ದಕ್ಕೆ ಮುನ್ಸೂಚನೆ ಇಲ್ಲದೆ ಪ್ರಶಸ್ತಿ ಕೊಟ್ಟರೆ, ಆ ಮಕ್ಕಳು ಮುಂದಿನ ತಿಂಗಳು ಇನ್ನೂ ಜಾಸ್ತಿ ಚಕ್ಕರ್ ಹೊಡೆದರು. ದೊಡ್ಡ ಮಕ್ಕಳು, ಬೇರೆ ದೇಶ, ನಮಗೆ ಹಾಗೇ ಹೊಂದುತ್ತೆ ಅಂತಲ್ಲ. ಬಹುಮಾನ ಹೀಗೂ ತಿರುಗಿ ಬೀಳುತ್ತಲ್ಲ ಅನ್ನಿಸಿತು.

ನಿಯಮ ಬದಲಿಸಿದೆ. ಬಿಟ್ಟಿದ್ದ ಮಗು ವಾಪಸ್ ಬಂದರೆ ಕ್ಲಾಸಿಗೆ ಎರಡು ಪಾಯಿಂಟು. ಮರುವಾರವೇ ಇಬ್ಬರು ಕಿಲಾಡಿಗಳು ಬೇಕಂತಲೇ ಎರಡು ದಿನ ತಪ್ಪಿಸಿಕೊಂಡು ಬಂದು "ಮಿಸ್, ಪಾಯಿಂಟು" ಅಂತ ಕೈಚಾಚಿದರು. ಅದೂ ಅಲ್ಲಿಗೆ ಮುಗಿಯಿತು.

ಕೊನೆಗೆ ಕೆಲಸ ಆಗಿದ್ದು ಟೆಂಪೋದಿಂದ. ನಮ್ಮೂರ ಹೆಂಗಸರನ್ನು ಕೂಲಿಗೆ ಕರೆದೊಯ್ಯುವ ಗುಂಪಿಗೆ ಒಬ್ಬ ಅಕ್ಕ ಮುಖ್ಯಸ್ಥೆ. ಅವರ ಮನೆ ಜಗುಲಿಯಲ್ಲಿ ಒಂದು ಸಂಜೆ ಕೂತು, ಆ ಹೆಬ್ಬೆರಳಿನ ಕತೆ ಹೇಳಿದೆ. ಅವರು ಎಲೆ ಅಡಿಕೆ ಉಗಿದು, "ನಾಳೆಯಿಂದ ಶಾಲೆ ಮಕ್ಕಳನ್ನ ಟೆಂಪೋ ಹತ್ತಿಸಲ್ಲ ಬಿಡಿ" ಅಂದರು. ಮೊದಲು ಇಬ್ಬರು ತಾಯಂದಿರು ಗೊಣಗಿದರು, ಆದರೆ ಉಳಿದ ಹತ್ತು ಜನ ಒಪ್ಪಿದ ಮೇಲೆ ತಾವು ಮಾತ್ರ ಮಗು ಕರೆತರೋದಕ್ಕೆ ಅವರಿಗೇ ಮುಜುಗರ. ಆ ಒತ್ತಡ ನಾಲ್ಕನೇ ಕ್ಲಾಸಿನವರ ಮೇಲೆ ಬೀಳೋದಕ್ಕಿಂತ ಅಲ್ಲಿ ಬೀಳೋದೇ ಸರಿ.

ಬಾವುಟ ಈಗ ಬೀರುವಿನಲ್ಲಿದೆ. ಶನಿವಾರದ ಖೋಖೋ ಎಲ್ಲರಿಗೂ ಉಂಟು. ಆ ಹುಡುಗಿ ಓಡಲು ಶುರು ಮಾಡಿದರೆ ಹಿಡಿಯೋದು ಐದನೇ ಕ್ಲಾಸಿನವರಿಗೂ ಕಷ್ಟ.