ಅವ್ವ ಕಟ್ಟಿದ ಲಾಡಿ

ಈ ಸಲ ಅಲಾಯಿ ಹಬ್ಬಕ್ಕ ಊರಿಗೆ ಹೋಗಿದ್ದೆ ನೋಡ್ರಿ, ರಜಾ ಸಿಕ್ಕಿದ್ದ ದೊಡ್ಡ ಮಾತು. ಕ್ಯಾಲೆಂಡರ್‌ನಾಗ ಮೊಹರಂ ಅಂತ ಇರ್ತೈತಿ, ನಮ್ಮ ರಾಯಚೂರು ಕಡೆ ಮಂದಿ ಬಾಯಾಗ ಅದು ಅಲಾಯಿ. ಚಂದ್ರನ ಲೆಕ್ಕದ ಹಬ್ಬ ನೋಡ್ರಿ, ವರ್ಷಾ ಹತ್ತು ಹನ್ನೊಂದು ದಿನ ಹಿಂದ ಸರೀತೈತಿ, 2000ದಾಗ ಏಪ್ರಿಲ್ ಬಿಸಿಲಾಗ ಬರಿಗಾಲಿಲೆ ಮಸೂತಿಗೆ ಓಡಿದ್ದು ನೆನಪೈತಿ, ಈಗ ಮುಂಗಾರಿ ಬಿತ್ತಿಗಿ ದಿನಕ್ಕ ಬಂದು ನಿಂತೈತಿ.

ಬರಿಗಾಲು ಯಾಕಂದ್ರ ನಾ ಫಕೀರ ಆಗಿದ್ದೆ, ಅಂದ್ರ ಅಲಾಯಿ ದೇವ್ರಿಗೆ ಹರಕಿ ಹೊತ್ತಾಂವ. ಸಣ್ಣಾಂವ ಇದ್ದಾಗ ಮೈ ಹತ್ತತಿರಲಿಲ್ಲ, ಅವ್ವ ಐದು ವರ್ಷ ಫಕೀರನ್ನ ಮಾಡ್ತೀನಿ ಅಂತ ಬೇಡ್ಕೊಂಡಿದ್ಲು. ನಮ್ದು ಲಿಂಗಾಯತರ ಮನಿ, ಕೊಳ್ಳಾಗ ಲಿಂಗದ ಕರಡಿಗಿ, ಅದರ ಬಾಜೂಕ ಫಕೀರರ ಕೆಂಪು ದಾರ, ಲಾಡಿ, ಎರಡೂ ಒಂದಕ್ಕೊಂದು ತೊಡರ್ತಿದ್ವು, ಅವ್ವ ಬಿಡಿಸಿ ಬಿಡಿಸಿ ಬೈತಿದ್ಲು ಅಷ್ಟ, ತೆಗೀ ಅಂತ ಮಾತ್ರ ಎಂದೂ ಅನ್ಲಿಲ್ಲ. ಮುಲ್ಲಾ ಕಾಕಾ ಸಕ್ರಿ ಮುಂದಿಟ್ಟು ಓದಿಕಿ, ಅಂದ್ರ ಪ್ರಾರ್ಥನಾ, ಮಾಡೋವಾಗ ಅಕಿ ಕಣ್ಣು ಮುಚ್ಚಿ ಓಂ ನಮಃ ಶಿವಾಯ ಅಂತಿದ್ಲು.

ಮಸೂತಿ ಮುಂದ ಬೆಂಕಿ ಹಾಕೋ ಕುಣಿಗೆ ಗುದ್ದಲಿ ಹಾಕೋರು ತಳವಾರರು, ದೇವ್ರು ಅಂದ್ರ ಪಂಜಾ, ಅದನ್ನ ಹಿಡಿಯೋದು ಕುರುಬರ ಒಂದು ಮನೆತನ, ಹಲಗಿ ಕೇರಿ ಮಂದೀದು. ಎಲ್ಲಾರೂ ಕೂಡಿ ಮಾಡೋ ಹಬ್ಬ ಅಂತ ಹೆಮ್ಮಿಲೆ ಹೇಳ್ತೀವಿ ಖರೆ, ಆದ್ರ ಹಲಗಿ ಬಾರಿಸೋರಿಗೆ ಚಾ ಬ್ಯಾರೆ ಲೋಟದಾಗ ಕೊಡ್ತಿದ್ದದ್ದು ನಾ ಕಣ್ಣಾರೆ ನೋಡೀನಿ. ಈಗ ಎಲ್ಲಾರಿಗೂ ಪೇಪರ್ ಕಪ್ಪು. ಬದಲಾಗಿದ್ದು ಮನಸೋ ಕಪ್ಪೋ ಗೊತ್ತಿಲ್ಲ.

ಮಸೂತಿ ಮುಂದ ಕೊಡೋ ಬೆಲ್ಲದ ಶರಬತ್ತು ಸಿಹಿ ಇರ್ತಿತ್ತಂತ ಕುಡೀತಿದ್ವಿ. ಅದು ನೀರಡಿಕಿ ನೆನಪಿಗೆ ಅಂತ ಕಾಕಾ ಹೇಳಿದ್ದು ನಾ ಕಾಲೇಜಿಗೆ ಹೋಗೋವಾಗ. 680ರಾಗ ಇರಾಕಿನ ಕರ್ಬಲಾದಾಗ ಪ್ರವಾದಿಗಳ ಮೊಮ್ಮಗ ಹುಸೇನರನ್ನ, ಅವರ ಕೂಡ ಇದ್ದ 72 ಮಂದೀನ್ನ ಅಂತಾರ, ಯೂಫ್ರೆಟಿಸ್ ನದಿ ಹತ್ರಾನ ಇದ್ರೂ ನೀರು ಮುಟ್ಟಗೊಡದ ಕೊಂದ್ರು. ಕೂಸುಗಳೂ ಇದ್ವಂತ. ಅಷ್ಟು ವರ್ಷ ನಾ ಸಾವಿನ ಮನಿಯಾಗ ಹುಲಿವೇಷದ ಹಿಂದ ಸೀಟಿ ಹೊಡಕೋತ ತಿರುಗೀನಿ ಅನ್ನಿಸಿ ನಾಚಿಕಿ ಬಂತು, ಕಾಕಾಗ ಹಂಗ ಅಂದೆ. ಅಂವಾ ನಕ್ಕ. "ತಮ್ಮಾ, ನಮಗ ಅವರು ಹಿರ್ಯಾರು, ಅಳ್ತೀವಿ. ನಿಮಗ ದೇವ್ರಾಗ್ಯಾರ, ಕುಣೀತೀರಿ. ಕುಣೀರಿ."

ಮುಲ್ಲಾ ಕಾಕಾನ ಮಗಾನ ಇದನ್ನ ಒಪ್ಪೂದಿಲ್ಲ, ಕುಣಿತ ವೇಷ ಎಲ್ಲಾ ನಮ್ಮ ದೀನ್‌ನಾಗ ಇಲ್ಲ ಅಂತ ಮನಿ ಬಿಟ್ಟು ಹೊರಗ ಬರೂದಿಲ್ಲ. ನಮ್ಮ ಸ್ವಂತ ಕಾಕಾನ ಮಗ ಇನ್ನೊಬ್ಬಾಂವ, ನಮಗ್ಯಾಕ ಅವರ ಹಬ್ಬ ಅಂತ ಫ್ಯಾಮಿಲಿ ಗ್ರೂಪ್‌ನಾಗ ಹಾಕಿದ್ದ. ಇಬ್ಬರೂ ಸಣ್ಣವರಿದ್ದಾಗ ಹಬ್ಬದ ಸಿಹಿ ರೊಟ್ಟಿ ಚೋಂಗೆ ಒಂದನ್ನ ಹರ್ಕೊಂಡು ತಿಂದವರು. ಇಬ್ಬರ ಕೂಡಾನೂ ವಾದ ಮಾಡೋ ಶಕ್ತಿ ನನಗಿಲ್ಲ. ಅವ್ವನ ಫೋನಿನಾಗ ವಾಟ್ಸಾಪ್ ಇಲ್ಲ, ಪುಣ್ಯಾ.

ದಫನ್ ದಿನ, ಅಂದ್ರ ಹಬ್ಬದ ಕಡೀ ದಿನ, ಸಂಜಿಕೆ ದೇವ್ರನ್ನ ಹಳ್ಳಕ್ಕ ಒಯ್ದ್ರು. ಹೋಗೋವಾಗಿನ ಹಲಗಿ ಬರೋವಾಗ ಇರಲಿಲ್ಲ, ಪದ ಹಾಡೋರ ದನಿ ಸಣ್ಣಾಗಿತ್ತು, ಮಳಿ ಜಿಟಿಜಿಟಿ ಹತ್ತಿತ್ತು. ಯಾಕೋ ನನಗೂ ಗಂಟಲ ಕಟ್ಟಿದಂಗಾತು.

ಮರುದಿನ ಬೆಂಗಳೂರು ಬಸ್ ಹತ್ತೋವಾಗ ಅವ್ವ ನನ್ನ ಮಗಳ ಮುಂಗೈಗೆ ಲಾಡಿ ಕಟ್ಟಿದ್ಲು. "ಮುಂದಿನ ಅಲಾಯಿಗೆ ಐದು ಸೇರು ಸಕ್ರಿ ಅಂತ ಬೇಡ್ಕೊಂಡೀನಿ, ಮರೀಬ್ಯಾಡ." ಏನಂತ ಬೇಡ್ಕೊಂಡಿಯವ್ವಾ ಅಂದ್ರ ಹೇಳ್ಲೇ ಇಲ್ಲ.