ಒಂಬತ್ತು ಸಾವಿರ ಕಮ್ಮಿ

ವರದಿಯಲ್ಲಿ ಪ್ಲೇಟ್‌ಲೆಟ್ 91,000 ಅಂತ ಇತ್ತು. ನಮಗೆ ಬೇಕಿದ್ದದ್ದು 1,00,000.

ಕೋಆರ್ಡಿನೇಟರ್ ಹುಡುಗಿ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ನಿಂತಳು. ಹೊರಗಿನ ಬೆಂಚಿನಲ್ಲಿ ಆ ಅಮ್ಮ ಕೂತಿದ್ದರು, ಪಕ್ಕದಲ್ಲಿ ಮಗಳು. ಅಂಡಾಶಯದ ಕ್ಯಾನ್ಸರ್. ಎರಡು ಸಲ ಕೀಮೋ ಆಗಿ ಮತ್ತೆ ಮರಳಿ ಬಂದಿತ್ತು. ಹೊಸ ಔಷಧಿಯನ್ನು ರೋಗಿಗಳಲ್ಲಿ ಪರೀಕ್ಷಿಸುವ ನಮ್ಮ ಟ್ರಯಲ್‌ಗೆ ಸೇರಬೇಕು ಅಂತ ಸ್ಕ್ಯಾನ್, ಇಸಿಜಿ, ಹಳೆಯ ಬಯಾಪ್ಸಿ ಬ್ಲಾಕ್ ತರಿಸುವುದು ಎಂದು ಎರಡು ವಾರದಿಂದ ಓಡಾಡಿದ್ದರು. ಎಲ್ಲ ಸರಿ ಇತ್ತು. ಇದೊಂದು ಬಿಟ್ಟು.

ಕ್ಯಾನ್ಸರ್ ಸಂಶೋಧನೆ ಮಾಡುವ ಡಾಕ್ಟರ್ ಅಂದರೆ ಜನರ ಕಣ್ಣ ಮುಂದೆ ಮೈಕ್ರೋಸ್ಕೋಪ್ ಬರುತ್ತದೆ. ನಾನು ಮೈಕ್ರೋಸ್ಕೋಪ್ ಮುಟ್ಟಿ ಎಷ್ಟೋ ವರ್ಷವಾಯಿತು. ಟ್ರಯಲ್ ನಡೆಸುವವರನ್ನು ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಅನ್ನುತ್ತಾರೆ. ಕೇಳಲು ದೊಡ್ಡ ಹೆಸರು. ಅರ್ಧ ದಿನ ಸಹಿ ಹಾಕುವುದರಲ್ಲೇ ಹೋಗುತ್ತದೆ. ಯಾರಿಗಾದರೂ ಗಂಭೀರ ತೊಂದರೆಯಾದರೆ ಗೊತ್ತಾದ 24 ಗಂಟೆಯೊಳಗೆ ಟ್ರಯಲ್ ಮಾಡಿಸುವ ಔಷಧಿ ಕಂಪನಿಗೆ ವರದಿ ಹೋಗಬೇಕು. ಪ್ರತಿಯೊಬ್ಬ ರೋಗಿಯೂ ಅರ್ಹರು ಅಥವಾ ಅಲ್ಲ ಅಂತ ಒಂದು ಹಾಳೆ ಇರುತ್ತದೆ. ಅದರ ಕೆಳಗೆ ನನ್ನ ಸಹಿ. ಆ ಹಾಳೆ ಈಗ ಎದುರಿಗಿತ್ತು.

ನನಗೂ ಆಸೆ ಇತ್ತು. ಯಾಕೆ ಸುಳ್ಳು ಹೇಳಲಿ? ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಒಂದು ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದು ಪ್ಲೇಟ್‌ಲೆಟ್‌ಗಳನ್ನು ಗುಂಪುಗುಂಪಾಗಿ ಅಂಟಿಸಿಬಿಡುತ್ತದೆ. ಮೆಷಿನ್‌ಗೆ ಗುಂಪು ಎಣಿಸಲು ಬರುವುದಿಲ್ಲ, ಲೆಕ್ಕ ಕಮ್ಮಿ ತೋರಿಸುತ್ತದೆ. ಅದೇ ಆಗಿರಲಿ ಅಂದುಕೊಂಡು ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿದೆ. ಗಾಜಿನ ಮೇಲೆ ರಕ್ತ ಹರಡಿ ಕಣ್ಣಿಂದಲೇ ನೋಡಿ ಅಂತ ಲ್ಯಾಬಿನವರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಗುಂಪು ಇಲ್ಲ. ಲೆಕ್ಕ ಸರಿಯಾಗಿಯೇ ಇದೆ.

ಇಬ್ಬರನ್ನೂ ಒಳಗೆ ಕರೆದೆ.

"ಡಾಕ್ಟ್ರೇ, ಬರೀ ಒಂಬತ್ತು ಸಾವಿರ ಅಲ್ವಾ?" ಅಂದಳು ಮಗಳು. "ಪ್ಲೇಟ್‌ಲೆಟ್ ಹಾಕಿಸಿ ಏರಿಸೋಕೆ ಆಗಲ್ವಾ? ನಾನೇ ಕೊಡ್ತೀನಿ."

ಆಗುವುದಿಲ್ಲ. ಹಾಗೆ ಹಾಕಿ ಏರಿಸಿದ ಲೆಕ್ಕವನ್ನು ಪ್ರೋಟೋಕಾಲ್, ಅಂದರೆ ಟ್ರಯಲ್‌ನ ನಿಯಮಪುಸ್ತಕ, ಒಪ್ಪುವುದಿಲ್ಲ. ಹಾಕಿದ ಪ್ಲೇಟ್‌ಲೆಟ್ ಕೆಲವು ದಿನ ಮಾತ್ರ ಇರುತ್ತದೆ, ಪ್ಲೇಟ್‌ಲೆಟ್ ತಯಾರಿಸುವ ಅಸ್ಥಿಮಜ್ಜೆಯ ಶಕ್ತಿ ಎಷ್ಟು ಅನ್ನುವುದನ್ನು ಅದು ಹೇಳುವುದಿಲ್ಲ. ನಾವು ಕೊಡಲಿದ್ದ ಔಷಧಿಯೋ ಅಸ್ಥಿಮಜ್ಜೆಯನ್ನೇ ಅದುಮುವಂಥದ್ದು. ಅವರಿಗೆ ಮೊದಲೇ ಕಾರ್ಬೋಪ್ಲಾಟಿನ್ ಅನ್ನುವ ಕೀಮೋ ಔಷಧಿ ಆಗಿತ್ತು. ಪ್ಲೇಟ್‌ಲೆಟ್ ಇಳಿಸುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಈಗಲೇ ದಣಿದ ಮಜ್ಜೆಯ ಮೇಲೆ ಇನ್ನೊಂದು ಪೆಟ್ಟು ಬಿದ್ದರೆ ಪ್ಲೇಟ್‌ಲೆಟ್ ಇನ್ನೂ ಇಳಿದು ರಕ್ತಸ್ರಾವ ಆಗಬಹುದು. ಇಷ್ಟನ್ನೂ ಹೇಳಿದೆ. ಮಗಳು ತಲೆ ಆಡಿಸಿದಳು. ಕೇಳಿಸಿಕೊಂಡಿರಲಿಲ್ಲ.

ಅಮ್ಮ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಆಮೇಲೆ ಕೇಳಿದರು: "ಔಷಧಿ ನನಗೆ ಬೇಡ ಅಂತಾನಾ, ನಾನು ಔಷಧಿಗೆ ಬೇಡ ಅಂತಾನಾ?"

ಇಷ್ಟು ವರ್ಷದಲ್ಲಿ ಇದನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. "ಎರಡೂ, ಅಮ್ಮಾ" ಅಂದೆ. ನಿಮಗೆ ಅಪಾಯ ಆಗಬಾರದು ಅನ್ನುವುದು ಒಂದು. ಔಷಧಿಯ ಲೆಕ್ಕ ಕೆಡಬಾರದು ಅನ್ನುವುದು ಇನ್ನೊಂದು. ಎರಡನೆಯದನ್ನು ಮುಚ್ಚಿಡಬಹುದಿತ್ತು. ಅವರ ಮುಖ ನೋಡಿ ಮುಚ್ಚಿಡಲು ಮನಸ್ಸಾಗಲಿಲ್ಲ.

ಕನ್ಸೆಂಟ್ ಫಾರ್ಮ್ ಓದಿಸಿದ ದಿನ ನಾನೇ ಹೇಳಿದ್ದೆ. ಹೊಸ ಔಷಧಿ ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ನಮಗೆ ಗೊತ್ತಿಲ್ಲ, ಗೊತ್ತಿಲ್ಲ ಅನ್ನುವುದಕ್ಕೇ ಈ ಟ್ರಯಲ್. ಅರ್ಧ ಜನಕ್ಕೆ ಹಳೆಯದೇ ಸಿಗುತ್ತದೆ, ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅವರು ಸಹಿ ಹಾಕಿದ್ದರು. ಆದರೂ ಆ ಬೆಂಚಿನ ಮೇಲೆ ಕೂತವರಿಗೆ ಹೊಸದು ಅಂದರೆ ಒಳ್ಳೆಯದೇ. ಅದರಲ್ಲಿ ನನ್ನ ತಪ್ಪೂ ಇರಬೇಕು. ಬಾಯಿ ಗೊತ್ತಿಲ್ಲ ಅನ್ನುವಾಗ ಮುಖ ಬೇರೇನೋ ಹೇಳಿರಬೇಕು.

ಡಾಕ್ಟರುಗಳೂ ಹೊಸದಕ್ಕೆ ಕಮ್ಮಿ ಮರುಳಾದವರಲ್ಲ. 1990ರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಭಾರೀ ಡೋಸ್ ಕೀಮೋ ಕೊಟ್ಟು, ರೋಗಿಯ ರಕ್ತದ ಆಕರ ಕೋಶಗಳನ್ನೇ ಮತ್ತೆ ಹಾಕುವ ಚಿಕಿತ್ಸೆ ಇತ್ತು. ಟ್ರಯಲ್ ಮುಗಿಯುವವರೆಗೂ ಕಾಯದೆ ಸಾವಿರಾರು ಹೆಂಗಸರಿಗೆ ಕೊಟ್ಟರು. ಕೆಲವರು ಚಿಕಿತ್ಸೆಯಿಂದಲೇ ಸತ್ತರು. 1999ರಲ್ಲಿ ಐದು ಟ್ರಯಲ್‌ಗಳ ಫಲಿತಾಂಶ ಒಟ್ಟಿಗೆ ಬಂತು. ನಾಲ್ಕರಲ್ಲಿ ಲಾಭ ಇಲ್ಲ. ದಕ್ಷಿಣ ಆಫ್ರಿಕಾದ ಒಂದರಲ್ಲಿ ಮಾತ್ರ ಭಾರೀ ಲಾಭ. ಪರಿಶೀಲನೆಗೆ ಹೋದವರಿಗೆ ಎಷ್ಟೋ ರೋಗಿಗಳ ದಾಖಲೆಯೇ ಸಿಗಲಿಲ್ಲ. ಸಿಕ್ಕವರಲ್ಲೂ ಹಲವರು ಆ ಟ್ರಯಲ್‌ಗೆ ಅರ್ಹರೇ ಆಗಿರಲಿಲ್ಲ. 2000ದಲ್ಲಿ ಅದು ಸುಳ್ಳು ಅಂತ ಬಯಲಾಯಿತು. ಅಲ್ಲೂ ಅರ್ಹತೆಯ ಹಾಳೆಗೆ ಯಾರೋ ಒಬ್ಬರು ಸಹಿ ಹಾಕಿರಬೇಕು ಅಲ್ವಾ?

ಇದನ್ನೆಲ್ಲ ಆ ತಾಯಿ ಮಗಳಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು.

ನಮ್ಮ ಟ್ರಯಲ್‌ನಲ್ಲಿ ಸ್ಕ್ರೀನಿಂಗ್‌ಗೆ, ಅಂದರೆ ಅರ್ಹತೆ ಪರೀಕ್ಷಿಸಲು, 28 ದಿನ ಇತ್ತು. ಇನ್ನೊಂದು ಸಲ ಪರೀಕ್ಷೆ ಮಾಡಿಸಲು ಅವಕಾಶ ಇತ್ತು. ಒಂದು ವಾರ ಬಿಟ್ಟು ಬನ್ನಿ ಅಂದೆ. ಆ ವಾರ ನನಗೆ ನಿದ್ದೆ ಜಾಸ್ತಿ ಬರಲಿಲ್ಲ. ಬೇರೆ ರೋಗಿಗಳೂ ಇದ್ದರು, ಅವರಿಗಾಗಿಯೂ ಇರಬಹುದು. ತಾಯಿ ಮಗಳು ಬಂದರು. 88,000.

ಕೋಆರ್ಡಿನೇಟರ್ ಪುಸ್ತಕದಲ್ಲಿ "ಸ್ಕ್ರೀನ್ ಫೇಲ್ಯೂರ್" ಅಂತ ಬರೆದಳು. ನನಗೆ ಆ ಪದ ಯಾವತ್ತೂ ಇಷ್ಟವಿಲ್ಲ. ಫೇಲ್ ಆದದ್ದು ಯಾರು? ಪರೀಕ್ಷೆಗೆ ಓದದೆ ಬಂದವರ ಹಾಗೆ.

ಅವರಿಗೆ ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಶುರು ಮಾಡಿದೆವು. ಪ್ಲೇಟ್‌ಲೆಟ್ ಮೇಲೆ ಅದರ ಹೊಡೆತ ಕಮ್ಮಿ. ಕೆಲವು ತಿಂಗಳು ಹೊಟ್ಟೆಯ ನೀರು ಇಳಿಯಿತು, ಊಟ ಸೇರಿತು. ಪ್ರತಿ ಸಲ ಬಂದಾಗ "ಈಗ ಎಷ್ಟು?" ಅಂತ ಕೇಳುತ್ತಿದ್ದರು. ಒಂದು ಸಲ 1,04,000 ಬಂತು. "ನೋಡಿ, ಈಗ ಪಾಸು" ಅಂತ ನಕ್ಕರು. ಟ್ರಯಲ್ ಅಷ್ಟರಲ್ಲಿ ತುಂಬಿ ಮುಚ್ಚಿತ್ತು. ಕ್ಯಾನ್ಸರ್ ಮತ್ತೆ ಬೆಳೆಯಿತು. ಮರು ವರ್ಷ ಅವರು ತೀರಿಕೊಂಡರು.

ಟ್ರಯಲ್ ಫಲಿತಾಂಶ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಹೊಸ ಔಷಧಿ ಗೆಡ್ಡೆ ಬೆಳೆಯುವುದನ್ನು ಸ್ವಲ್ಪ ತಡ ಮಾಡಿತ್ತು, ಆಯಸ್ಸು ಹೆಚ್ಚಿಸಿರಲಿಲ್ಲ. ಅವರು ಸೇರಿದ್ದರೆ? ಮೊದಲ ಕೆಲವು ದಿನ ಈ ಲೆಕ್ಕ ಹಾಕಿದೆ. ಕೊಡದ ಔಷಧಿಯ ಫಲ ಒಬ್ಬರ ಮಟ್ಟಿಗೆ ಯಾರಿಗೂ ತಿಳಿಯದು.

ಟ್ರಯಲ್‌ನ ಸಂಶೋಧನಾ ಪೇಪರ್ ಅಚ್ಚಾಗಿ ಬಂದಾಗ ಎಲ್ಲರೂ ಯಾವ ಗುಂಪಿನವರು ಎಷ್ಟು ಕಾಲ ಬದುಕಿದರು ಅಂತ ತೋರಿಸುವ ಗೆರೆಗಳ ಪುಟಕ್ಕೆ ಹೋದರು. ನಾನು ಮೊದಲ ಚಿತ್ರ ನೋಡಿದೆ. ಎಷ್ಟು ಜನ ಬಂದರು, ಎಷ್ಟು ಜನ ಯಾವ ಗುಂಪಿಗೆ ಹೋದರು ಅಂತ ಬಾಣ ಹಾಕಿ ತೋರಿಸುವ ಚಿತ್ರ. ಮೇಲುಗಡೆ ಬಲಕ್ಕೆ ಒಂದು ಚಿಕ್ಕ ಚೌಕ ಇರುತ್ತದೆ, ಅರ್ಹರಲ್ಲದವರು ಅಂತ. ಅದರಲ್ಲಿ ಒಂದು ಸಂಖ್ಯೆ. ಆ ಸಂಖ್ಯೆಯಲ್ಲಿ ಅವರು ಇದ್ದರು.