‘ಅವರಿಗೆ ಆಗಿದ್ದೇನು?’

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದ ದಿನಗಳಲ್ಲಿ ಫೀಲ್ಡ್ ವರ್ಕ್ ರೆಕಾರ್ಡ್‌ನಷ್ಟು ತಲೆನೋವಿನ ಕೆಲಸ ನಮಗೆ ಇನ್ನೊಂದಿರಲಿಲ್ಲ. ಮನೆ ಭೇಟಿ ಮಾಡಿದೆ, ಆಪ್ತಸಮಾಲೋಚನೆ ನಡೆಸಿದೆ, ಧೈರ್ಯ ತುಂಬಿದೆ ಎಂದು ಪುಟಗಟ್ಟಲೆ ಬರೆದು ಒಪ್ಪಿಸುತ್ತಿದ್ದೆವು. ಮೇಡಂ ಅಷ್ಟನ್ನೂ ಓದಿ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು: ‘ನೀವು ಮಾಡಿದ್ದು ತಿಳಿಯಿತು. ಅವರಿಗೆ ಆಗಿದ್ದೇನು?’

ನನ್ನ ಪಾಲಿಗೆ ಬಂದ ಕೇಸು, ಪದೇ ಪದೇ ಶಾಲೆ ತಪ್ಪಿಸುತ್ತಿದ್ದ ಒಬ್ಬ ಹುಡುಗನದು. ಮಾತುಕತೆ ಶುರುಮಾಡುವ ಮೊದಲು ಬೇಸ್‌ಲೈನ್, ಅಂದರೆ ಸಹಾಯಕ್ಕೆ ಮುಂಚಿನ ಸ್ಥಿತಿಯ ಲೆಕ್ಕ, ತೆಗೆದುಕೊಂಡು ಬಾ ಎಂದರು ಮೇಡಂ. ಅದಕ್ಕಾಗಿ ಕಾಯಬೇಕಾಗಲಿಲ್ಲ, ಹಾಜರಿ ಪುಸ್ತಕದಲ್ಲಿ ಹಿಂದಿನ ವಾರಗಳ ಲೆಕ್ಕವೆಲ್ಲ ಇತ್ತು. ಗ್ರಾಫ್ ಹಾಳೆಯಲ್ಲಿ ವಾರಕ್ಕೊಂದು ಚುಕ್ಕೆ ಇಟ್ಟೆ. ನಾನು ಕೆಲಸ ಆರಂಭಿಸಿದ ವಾರದಲ್ಲಿ ಒಂದು ಲಂಬ ಗೆರೆ: ಎಡಕ್ಕೆ ‘ಎ’ ಹಂತ, ಬಲಕ್ಕೆ ‘ಬಿ’ ಹಂತ. ಬಲಭಾಗದ ಚುಕ್ಕೆಗಳು ಚೆಂದವಾಗಿ ಮೇಲೇರುತ್ತಿದ್ದವು. ಮೇಡಂ ಮಾತ್ರ ಎಡಭಾಗದ ಮೇಲೆ ಪೆನ್ಸಿಲ್ ಇಟ್ಟರು. ಹಾಜರಿ ಏರಲು ಶುರುವಾದದ್ದು ಲಂಬ ಗೆರೆಗಿಂತ ಮುಂಚೆಯೇ! ವಿಚಾರಿಸಿದರೆ, ಪಕ್ಕದ ಮನೆಗೆ ಅವನದೇ ತರಗತಿಯ ಹುಡುಗನೊಬ್ಬ ಬಂದಿದ್ದ, ಇಬ್ಬರೂ ಜೊತೆಯಾಗಿ ಶಾಲೆಗೆ ಹೊರಡುತ್ತಿದ್ದರು. ಆ ಏರಿಕೆಯಲ್ಲಿ ನನ್ನ ಪಾಲೆಷ್ಟು, ಆ ಗೆಳೆಯನ ಪಾಲೆಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗಲಿಲ್ಲ. ಅದನ್ನೇ ಹಾಗೆಯೇ ಬರೆ ಎಂದರು, ಬರೆದೆ.

ಗುರಿ ಸಾಧನೆಯ ಅಳತೆಯೂ ಆಗಲೇ ಕೈಗೆ ಬಂದದ್ದು. 1968ರಲ್ಲಿ ಕಿರೆಸುಕ್ ಮತ್ತು ಶೆರ್ಮನ್ ಎಂಬ ಸಂಶೋಧಕರು ರೂಪಿಸಿದ ವಿಧಾನ ಅದು. ನಿರೀಕ್ಷಿಸಿದಷ್ಟು ಆದರೆ ಸೊನ್ನೆ, ತೀರಾ ಕಡಿಮೆಯಾದರೆ ಮೈನಸ್ ಎರಡು, ನಿರೀಕ್ಷೆಗಿಂತ ಬಹಳ ಹೆಚ್ಚಾದರೆ ಪ್ಲಸ್ ಎರಡು. ಪ್ರತಿ ಮೆಟ್ಟಿಲು ಹೇಗಿರುತ್ತದೆಂದು ಮೊದಲೇ ಬರೆದಿಡಬೇಕು. ನಾನು ಹಾಜರಿಯ ಸುತ್ತಲೇ ಯೋಚಿಸುತ್ತಿದ್ದೆ. ಹುಡುಗನನ್ನೇ ಕೇಳಿದಾಗ, ಗಣಿತದ ಪೀರಿಯಡ್‌ನಲ್ಲಿ ಕೈ ಎತ್ತಿ ‘ಗೊತ್ತಾಗಲಿಲ್ಲ ಸಾರ್’ ಅನ್ನುವುದು ತನ್ನ ಪ್ಲಸ್ ಎರಡು ಎಂದ. ಹಾಜರಿ ಪುಸ್ತಕದಲ್ಲಿ ಅದಕ್ಕೆಲ್ಲಿ ಜಾಗ?

ಕ್ಲಾಸಿನಲ್ಲಿ ಜೋರು ಜಗಳವಾದದ್ದು ‘ಎಬಿಎಬಿ’ ವಿನ್ಯಾಸದ ದಿನ. ಕೊಡುತ್ತಿರುವ ಸಹಾಯವನ್ನು ನಡುವೆ ನಿಲ್ಲಿಸಿ, ಸ್ಥಿತಿ ಹಿಂದಕ್ಕೆ ಹೋಗುತ್ತದೆಯೇ ಎಂದು ನೋಡಿ, ಮತ್ತೆ ಶುರುಮಾಡುವುದು. ಇದು ಯಾವ ನ್ಯಾಯ ಎಂದು ಎಲ್ಲರೂ ಮುಗಿಬಿದ್ದೆವು. ಬೇಕೆಂದೇ ನಿಲ್ಲಿಸಬೇಡಿ, ರಜೆಯೋ ಮತ್ತೊಂದೋ ಬಂದು ತಾನಾಗಿ ನಿಂತಾಗ ಗಮನಿಸಿ ಎಂದು ಮೇಡಂ ತೀರ್ಮಾನ ಕೊಟ್ಟರು. ಜನ ನಮ್ಮ ಬಳಿ ಬರುವುದೇ ಕಷ್ಟ ಮಿತಿಮೀರಿದಾಗ, ನಾವೇನೂ ಮಾಡದಿದ್ದರೂ ಅದರಲ್ಲಿ ಸ್ವಲ್ಪ ಇಳಿಯುವುದುಂಟು ಎಂದೂ ಅಂದೇ ಹೇಳಿದ್ದು.

‘ನಮ್ಮ ಕ್ಲೈಂಟ್ ಖುಷಿಯಾಗಿದ್ದಾರೆ, ಅದು ಸಾಲದೇ?’ ಎಂದು ಒಬ್ಬ ಗೆಳತಿ ಕೇಳಿದ್ದಳು. ಉತ್ತರವಾಗಿ ಮೇಡಂ ಕೇಂಬ್ರಿಜ್–ಸಾಮರ್‌ವಿಲ್ ಅಧ್ಯಯನದ ಕಥೆ ಹೇಳಿದರು. ಅಮೆರಿಕದಲ್ಲಿ ಹುಡುಗರು ಅಪರಾಧದ ದಾರಿ ಹಿಡಿಯದಿರಲೆಂದು ವೈದ್ಯ ರಿಚರ್ಡ್ ಕ್ಯಾಬಟ್ ಆರಂಭಿಸಿದ ಯೋಜನೆ ಅದು. 1939ರಿಂದ ಕೆಲವು ವರ್ಷ ಅರ್ಧದಷ್ಟು ಹುಡುಗರಿಗೆ ಆಪ್ತಸಲಹೆಗಾರರ ಆಸರೆ ಸಿಕ್ಕಿತು, ಉಳಿದರ್ಧಕ್ಕೆ ಇಲ್ಲ. ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ದಶಕಗಳ ನಂತರ ಅವರನ್ನು ಹುಡುಕಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪಕಾರವಾಯಿತೆಂದು ಹೇಳಿದವರೇ ಹೆಚ್ಚು. ದಾಖಲೆ ನೋಡಿದರೆ ಅಪರಾಧ ಕಡಿಮೆಯಾಗಿರಲಿಲ್ಲ, ಕೆಲವು ವಿಷಯಗಳಲ್ಲಿ ಸಹಾಯ ಪಡೆದವರ ಸ್ಥಿತಿಯೇ ಕೆಟ್ಟಿತ್ತು. ಗೆಳತಿ ಮರುಮಾತಾಡಲಿಲ್ಲ. ನನಗೆ ಮಾತ್ರ ಆ ಕೃತಜ್ಞತೆಯನ್ನೂ ಪೂರ್ತಿ ತಳ್ಳಿಹಾಕಲು ಇವತ್ತಿಗೂ ಮನಸ್ಸಾಗುವುದಿಲ್ಲ.

ಈಗ ನಾನು ದುಡಿಯುವ ಸಂಸ್ಥೆಯ ವರದಿ ನಮೂನೆಯಲ್ಲಿ ಮೊದಲ ಕಾಲಂ ‘ಫಲಾನುಭವಿಗಳ ಸಂಖ್ಯೆ’. ಅದರ ಪಕ್ಕಕ್ಕೆ ‘ಅವರು ಬಯಸಿದ ಬದಲಾವಣೆ, ಅವರದೇ ಮಾತಿನಲ್ಲಿ’ ಎಂಬ ಇನ್ನೊಂದು ಕಾಲಂ ಸೇರಿಸಿದ್ದೇನೆ. ತೆಗೆಯಿರಿ ಎಂದು ಮೇಲಿನವರು ಯಾರೂ ಹೇಳಿಲ್ಲ. ತುಂಬಬೇಕಾದ ಹೊಸಬರು ಮಾತ್ರ, ನಾವು ಗೊಣಗುತ್ತಿದ್ದ ಹಾಗೆಯೇ, ಗೊಣಗುತ್ತಾರೆ.